ಶಾಂಭವಿಯ ಹೆಸರಿಗೆ ಬಂದ ಪತ್ರ

ಅಮರನಾಥನ ಪತ್ರ ಬಂತೆಂದರೆ ಕರಜಗಿಯ ಆ ಮನೆಯ ಪಡಸಾಲೆಯಲ್ಲಿ ಕೂಡಲು ಜಾಗ ಉಳಿಯುತ್ತಿರಲಿಲ್ಲ. ಅವನ ತಾಯಿ ಸುಭದ್ರಾಬಾಯಿ ಗೋಡೆಗೆ ಒರಗಿ ಕೂಡುತ್ತಿದ್ದಳು. ಪಕ್ಕದ ಮನೆಯ ಗುರುಬಾಯಿ ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಿದ್ದಳು. ಎದುರು ಮನೆಯ ಪೀರಬಿ ಹೊಸ್ತಿಲ ಹತ್ತಿರವೇ ನಿಂತು, ಇಲ್ಲಿಗೇ ಕೇಳಿಸುತ್ತದೆ ಎನ್ನುತ್ತ ಕೊನೆಗೆ ಒಳಗೇ ಬಂದು ಕೂಡುತ್ತಿದ್ದಳು. ಓದುವ ಕೆಲಸ ಮಾತ್ರ ಸೊಸೆ ಶಾಂಭವಿಯದು. ಸುಭದ್ರಾಬಾಯಿಗೆ ಓದು ಬರುತ್ತಿರಲಿಲ್ಲ.

ಮೇ ತಿಂಗಳಲ್ಲಿ ಗಡಿಯಲ್ಲಿ ಕಾಳಗ ಶುರುವಾದಾಗ ಅಮರನಾಥ ಜಮ್ಮುವಿನ ಆಚೆ ಯಾವುದೋ ಗುಡ್ಡದ ಮೇಲಿನ ಠಾಣೆಯಲ್ಲಿದ್ದ. ಅಲ್ಲಿ ಎಲ್ಲರ ಮೊಬೈಲು ತೆಗೆದಿಟ್ಟುಕೊಂಡಿದ್ದರು. ಗುಂಡು ನಿಂತಿತು ಎಂದು ಟಿವಿಯವರು ಹೇಳಿ ವಾರಗಳಾದರೂ ಅವನ್ನು ತಿರುಗಿ ಕೊಟ್ಟಿರಲಿಲ್ಲ. ಅದಕ್ಕೇ ಈ ಪತ್ರಗಳು.

ಪತ್ರದಲ್ಲಿ ಇರುತ್ತಿದ್ದುದಾದರೂ ಏನು? ಅವ್ವನ ಪಾದಕ್ಕೆ ಶರಣು, ನಾನು ಆರಾಮ ಇದ್ದೇನೆ. ಕಬ್ಬಿಗೆ ನೀರು ಬಿಡುವಾಗ ಮೇಲಿನ ಮಡಿಗೆ ಮೊದಲು ಬಿಡಿರಿ. ಎಮ್ಮೆಯ ಕಿವಿಯ ಗಾಯಕ್ಕೆ ಡಾಕ್ಟರನ್ನು ಕರೆಸಿರಿ. ಗುರುಬಾಯಿ ಕಾಕು, ಪೀರಬಿ ಮೌಶಿ, ಎಲ್ಲರಿಗೂ ನಮಸ್ಕಾರ. ಎಲ್ಲಕ್ಕೂ ಕೊನೆಗೆ, ಕಾಗದದ ಅಂಚಿಗೆ ಉಳಿದ ಜಾಗದಲ್ಲಿ: ಶಾಂಭವಿಗೆ ಆಶೀರ್ವಾದಗಳು.

ಆ ಸಾಲನ್ನು ತಾನೇ ಗಟ್ಟಿಯಾಗಿ ಓದಬೇಕಾದಾಗ ಶಾಂಭವಿಗೆ ಮೈ ಉರಿಯುತ್ತಿತ್ತು. ಮದುವೆಯಾಗಿ ನಾಲ್ಕು ವರ್ಷ. ಗಂಡನಾದವನು ಹೆಂಡತಿಗೆ ಮಠದ ಸ್ವಾಮಿಗಳ ಹಾಗೆ ಆಶೀರ್ವಾದ ಕಳಿಸುತ್ತಾನೆ. ಕೇಳುವವರಿಗೆ ಅದರಲ್ಲಿ ಏನೂ ತಪ್ಪು ಕಾಣುತ್ತಿರಲಿಲ್ಲ. "ನೋಡು, ನಿನ್ನೂ ಮರ್ತಿಲ್ಲ" ಎಂದು ಗುರುಬಾಯಿ ಸಮಾಧಾನ ಬೇರೆ ಹೇಳುತ್ತಿದ್ದಳು.

ಎಮ್ಮೆಯ ಕಿವಿಯ ಪತ್ರ ಬಂದ ದಿನ ಶಾಂಭವಿ ಹೊಲಕ್ಕೆ ಹೋದವಳು ಬದುವಿನ ಮೇಲೆ ಕುಳಿತು ಉತ್ತರ ಬರೆದಳು. ನಿಮ್ಮ ಪತ್ರಗಳು ನಮ್ಮ ಓಣಿಗೆ ಬರುತ್ತಿವೆ, ನನಗೆ ಒಂದೂ ಬಂದಿಲ್ಲ. ಕಬ್ಬಿಗೆ ನೀರು ಬಿಡುವುದು ನನಗೆ ಗೊತ್ತಿದೆ. ನೀವು ಹೇಗಿದ್ದೀರಿ ಎಂಬುದು ಗೊತ್ತಿಲ್ಲ. ನಿದ್ದೆ ಬರುತ್ತದೋ ಇಲ್ಲವೋ, ಅಂಜಿಕೆ ಆಗುತ್ತದೋ ಇಲ್ಲವೋ, ಅದನ್ನು ಬರೆಯಿರಿ. ಬರೆಯಲು ಆಗದಿದ್ದರೆ ಕಾಗದ ಹಾಳು ಮಾಡಬೇಡಿರಿ. ಹೀಗೆ ಬರೆದು, ಮನಸ್ಸು ಬದಲಾಗುವ ಮೊದಲೇ ಅಂಚೆಗೆ ಹಾಕಿ ಬಂದಳು.

ಉತ್ತರ ಬಂದಾಗ ಮೊದಲ ಮಳೆ ಆಗಿ ಹೋಗಿತ್ತು. ಲಕೋಟೆಯ ಮೇಲೆ ಅವ್ವನ ಹೆಸರಿರಲಿಲ್ಲ. ಶಾಂಭವಿಯ ಹೆಸರೊಂದೇ ಇತ್ತು. ಅಂಚೆಯವನು ಹೊರಗೇ ಕೂಗಿ ಹೇಳಿದ್ದರಿಂದ ಪಡಸಾಲೆ ಎಂದಿನಂತೆ ತುಂಬಿತು. ಶಾಂಭವಿ ನಿಂತಲ್ಲೇ ಲಕೋಟೆ ಒಡೆದು ಮೊದಲು ಮನಸ್ಸಿನಲ್ಲೇ ಓದಿಕೊಂಡಳು.

ಠಾಣೆಯ ಮೇಲೆ ಶೆಲ್ಲು ಬಿದ್ದ ರಾತ್ರಿ ತನ್ನ ಜೊತೆಗಾರ ವ್ಯಂಕಟೇಶ ಹೋದ ಎಂದು ಅಮರನಾಥ ಬರೆದಿದ್ದ. ಅವನು ಅಕ್ಕಲಕೋಟದ ಕಡೆಯವನು. ಇಬ್ಬರ ನಡುವೆ ಒಂದು ಮಾರು ಜಾಗವೂ ಇರಲಿಲ್ಲ. ಆಮೇಲೆ ತನ್ನ ಕೈ ನಡುಗುವುದು ನಿಂತಿಲ್ಲ, ಅಂಗಿಯ ಗುಂಡಿ ಹಾಕಿಕೊಳ್ಳಲು ಬೇರೆಯವರನ್ನು ಕರೆಯಬೇಕಾಗುತ್ತದೆ, ಕೆಲವು ಸಲ ಬಂಕರಿನಿಂದ ಹೊರಗೆ ಕಾಲೇ ಬರುವುದಿಲ್ಲ. ಅಂಜಿಕೆ ಆಗುತ್ತದೋ ಎಂದು ಕೇಳಿದ್ದೀ, ಬಹಳ ಆಗುತ್ತದೆ. ನೀನು ಬೈದದ್ದನ್ನು ಓದಿ ಎಷ್ಟೋ ದಿನದ ಮೇಲೆ ನಗು ಬಂತು. ಇದನ್ನು ಅವ್ವನಿಗೆ ಹೇಳಬೇಡ.

ಶಾಂಭವಿ ಕಾಗದವನ್ನು ಮಡಚಿ ಸೆರಗಿನಲ್ಲಿ ಇಟ್ಟುಕೊಂಡಳು. ಆರಾಮ ಇದ್ದಾರೆ, ಇದು ನನಗೆ ಬರೆದದ್ದು ಎಂದಳು.

"ಆರಾಮ ಅದಾನಂದ್ರ ಓದಾಕ ಏನಾತು?" ಸುಭದ್ರಾಬಾಯಿ ಕೇಳಿದಳು.

ಶಾಂಭವಿ ಎಮ್ಮೆಗೆ ನೀರು ಕುಡಿಸಲು ಹೋದಳು. ಅದೇ ತಪ್ಪಾಯಿತು. ಅವಳ ಮುಖ ಬಿಳಿಚಿದ್ದನ್ನು ಗುರುಬಾಯಿ ಕಂಡಿದ್ದಳು. ಸಂಜೆಯ ಹೊತ್ತಿಗೆ ಅಮರನಾಥನಿಗೆ ಗುಂಡು ತಗುಲಿದೆ ಎಂದು ಓಣಿಯ ಒಂದು ತುದಿಯಲ್ಲಿ, ಕಾಲು ಹೋಗಿದೆ ಎಂದು ಇನ್ನೊಂದು ತುದಿಯಲ್ಲಿ ಮಾತು ಹಬ್ಬಿತು. ಸುಭದ್ರಾಬಾಯಿ ರೊಟ್ಟಿ ಮುಟ್ಟಲಿಲ್ಲ. ಗಂಡ ಆರಾಮ ಇದ್ದಾನೆಂದು ಬಂದವರಿಗೆಲ್ಲ ಹೇಳಿ ಹೇಳಿ ಶಾಂಭವಿ ದಣಿದಳು. ಅವಳು ಹೇಳಿದಷ್ಟೂ ಅವರು ಅವಳ ಬೆನ್ನು ಸವರಿ ಧೈರ್ಯ ಹೇಳುತ್ತಿದ್ದರು.

ಮರುದಿನ ಬೆಳಿಗ್ಗೆ ಅಳಂದದಲ್ಲಿ ಮಾಸ್ತರನಾಗಿದ್ದ ಮೈದುನ ಶಾಂತಕುಮಾರ ಶಾಲೆಗೆ ರಜೆ ಹಾಕಿ ಬೈಕಿನಲ್ಲಿ ಬಂದ. ಅವನಿಗೆ ಗುರುಬಾಯಿ ಫೋನು ಮಾಡಿದ್ದಳು. ನೆಲೋಗಿಯಿಂದ ಶಾಂಭವಿಯ ತಂದೆ ಶಾಂತಲಿಂಗಪ್ಪ ಜೇವರ್ಗಿಯಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನದ ಹೊತ್ತಿಗೆ ಬಂದು ಮುಟ್ಟಿದ. ಅವನಿಗೆ ಯಾರು ತಿಳಿಸಿದರೋ ಯಾರಿಗೂ ಗೊತ್ತಿರಲಿಲ್ಲ. ಬಾಗಿಲಲ್ಲಿ ಚಪ್ಪಲಿಗಳ ರಾಶಿ ನೋಡಿ ಅವನು ಹೊಸ್ತಿಲ ಮೇಲೇ ಕುಳಿತುಬಿಟ್ಟ, ಯಾರೋ ಹಿಡಿದು ಒಳಗೆ ಕರೆತಂದರು.

ಶಾಂತಕುಮಾರ ಸಮಾಧಾನದಿಂದಲೇ ಕೈ ಚಾಚಿದ. "ವೈನಿ, ಪತ್ರ ಕೊಡ್ರಿ. ನಾ ಒಬ್ಬವನೇ ನೋಡ್ತೇನಿ."

"ಕೊಡಂಗಿಲ್ಲ" ಎಂದಳು ಶಾಂಭವಿ. "ನಿಮ್ಮ ಅಣ್ಣ ಅದಾರ. ಕೈಕಾಲು ಅದಾವ. ನಿನ್ನಿಯಿಂದ ಅದನ್ನ ಹೇಳಾಕತ್ತೇನಿ, ಒಬ್ಬರೂ ಕೇಳವಲ್ಲರಿ. ನಾಕು ವರ್ಷದಾಗ ನನ್ನ ಹೆಸರಿಗೆ ಬಂದದ್ದು ಇದೊಂದು ಪತ್ರ. ಇದನ್ನೂ ಓಣಿಗೆ ಹಂಚಬೇಕೇನು?"

ಅಷ್ಟು ಜನರ ಮುಂದೆ ಅವಳು ಹಾಗೆ ಮಾತಾಡಿದ್ದು ಅದೇ ಮೊದಲು. ಶಾಂತಕುಮಾರ ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಕನ್ನಡಕ ಒರೆಸಿಕೊಂಡ. ಶಾಂತಲಿಂಗಪ್ಪ ಮಗಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಟವೆಲು ಕೊಡವಿಕೊಂಡು ಎದ್ದ. ಅಳಿಯ ಬದುಕಿದ್ದಾನೆ, ನನಗೆ ಅಷ್ಟು ಸಾಕು, ನಡೆಯಿರಿ ಹೊರಗೆ ಕಟ್ಟೆಯ ಮೇಲೆ ಕೂಡೋಣ ಎನ್ನುತ್ತ ಎಲ್ಲರನ್ನೂ ಕರೆದುಕೊಂಡು ಹೋದ. ಪೀರಬಿ ಹೋಗುವಾಗ ಬಾಗಿಲನ್ನು ಮುಂದಕ್ಕೆ ಎಳೆದಳು.

ಒಳಗೆ ಅತ್ತೆ ಸೊಸೆ ಇಬ್ಬರೇ ಉಳಿದರು. ಸುಭದ್ರಾಬಾಯಿ ಗೋಡೆ ಬಿಟ್ಟು ಅಲುಗಿರಲಿಲ್ಲ.

"ನನಗ ಹೇಳಬ್ಯಾಡ ಅಂದಾನೇನು?" ಎಂದು ಕೇಳಿದಳು.

ಶಾಂಭವಿ ತಲೆ ತಗ್ಗಿಸಿದಳು. ಇಲ್ಲವೆಂದು ಸುಳ್ಳು ಹೇಳಲು ಅವಳಿಗೆ ಆಗಲಿಲ್ಲ. ನಿನ್ನೆಯಿಂದ ಅನ್ನ ಬಿಟ್ಟ ಮುದುಕಿಯ ಮುಂದೆ ಆ ಕಾಗದವನ್ನು ಬಚ್ಚಿಡಲೂ ಆಗಲಿಲ್ಲ. ಬೇಕೆಂದು ಹಟ ಹಿಡಿದು ತರಿಸಿಕೊಂಡ ಪತ್ರವೇ ಹೀಗೆ ಕೊರಳಿಗೆ ಬಿದ್ದಿತಲ್ಲ ಎಂದು ಅವಳಿಗೆ ಗಂಡನ ಮೇಲೆ, ತನ್ನ ಮೇಲೆ, ಹೊರಗೆ ಕೂತವರ ಮೇಲೆ ಒಟ್ಟಿಗೇ ಸಿಟ್ಟು ಬಂತು.

"ಅಂಜ್ಯಾರ್ರಿ ಅತ್ತಿ" ಎಂದಳು. "ಜೊತಿಗಿದ್ದವ ಸತ್ತಾನ. ಕೈ ನಡಗತಾವಂತ."

ಸುಭದ್ರಾಬಾಯಿ ಮಗನನ್ನು ಬೈಯಲು ಶುರು ಮಾಡಿದಳು. ಅಂಜಿದರೆ ಅಂಜಿದೆ ಎಂದು ತಾಯಿಗೆ ಹೇಳಲು ಇವನಿಗೆ ಏನು ಬೇನೆ, ಎಮ್ಮೆಯ ಕಿವಿಯ ಸುದ್ದಿ ತೆಗೆದುಕೊಂಡು ತಾನೇನು ಮಾಡಬೇಕಿತ್ತು ಎಂದು ಬೈದಳು. ಬೈಯುತ್ತಲೇ ಅತ್ತಳು. ಅತ್ತು ಮುಗಿದ ಮೇಲೆ ಒಂದು ರೊಟ್ಟಿ ಕೊಡು ಎಂದಳು. ಶಾಂಭವಿಯೂ ಅವಳ ಜೊತೆಗೆ ಕುಳಿತು ಉಂಡಳು.

ಮೊಬೈಲು ತಿರುಗಿ ಕೈಗೆ ಬಂದ ದಿನ ಅಮರನಾಥ ಫೋನು ಮಾಡಿದ. ಚೆನ್ನಾಗಿ ಉಣ್ಣು ಎಂದು ಸುಭದ್ರಾಬಾಯಿ ಎರಡು ಮಾತಾಡಿ ಫೋನನ್ನು ಸೊಸೆಯ ಕೈಗೆ ಕೊಟ್ಟು ತಾನಾಗಿಯೇ ಹಿತ್ತಲಿಗೆ ಹೋದಳು. ಅವ್ವನಿಗೆ ಹೇಳಿಬಿಟ್ಟೆ ಎಂದು ಶಾಂಭವಿ ಮೊದಲೇ ಹೇಳಿದಳು. ಅವನು ಸಿಟ್ಟು ಮಾಡಲಿಲ್ಲ. ವ್ಯಂಕಟೇಶನ ವಿಷಯ ತೆಗೆದ. ಅವನ ಹೆಂಡತಿ ನೀತಾಗೆ ಪತ್ರ ಬರೆಯಲು ಕೂತರೆ ಆರಾಮ ಇದ್ದೀರಾ ಎಂಬುದರ ಮುಂದೆ ಪೆನ್ನು ಹೋಗುವುದಿಲ್ಲ ಎಂದ.

"ನೀ ಒಮ್ಮೆ ಹೋಗಿ ಬರ್ತೀಯೇನು?"

"ನಿಮಗ ಬರೀಲಾಕ ಬರಂಗಿಲ್ಲಂತ ನಾ ಬಸ್ ಹತ್ತಬೇಕೇನು?" ಎಂದು ಕೇಳಿದಳು. ಕೇಳಿದ ಮೇಲೆ ಊರಿನ ಹೆಸರು ವಿಚಾರಿಸಿದಳು. ವ್ಯಂಕಟೇಶ ಹೇಗಿದ್ದ, ಏನು ಮಾತಾಡುತ್ತಿದ್ದ ಎಂದೂ ಕೇಳಿದಳು. ಅಮರನಾಥ ತಡವರಿಸುತ್ತ ಶುರು ಮಾಡಿದ. ಸಂಪರ್ಕ ಕಡಿದು ಹೋಗುವವರೆಗೆ ಹೇಳಿದ.

ಆ ವಾರದಲ್ಲೇ ಅತ್ತೆ ಸೊಸೆ ಅಕ್ಕಲಕೋಟದ ಬಸ್ಸು ಹತ್ತಿದರು. ನೀತಾ ಶಾಂಭವಿಗಿಂತ ಚಿಕ್ಕವಳು. ಹಾರ ಹಾಕಿದ ವ್ಯಂಕಟೇಶನ ಫೋಟೋದ ಕೆಳಗೆ ಸನ್ಮಾನಕ್ಕೆ ಬಂದ ಶಾಲುಗಳನ್ನು ಒಂದರ ಮೇಲೊಂದು ಒಟ್ಟಿದ್ದರು. ಬಂದವರು ಯಾರೆಂದು ತಿಳಿದಾಗಲೂ ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಪಕ್ಕದ ರಾಜ್ಯದ ಊರಾದರೂ ಅಲ್ಲಿಯವರು ಮನೆಯಲ್ಲಿ ಕನ್ನಡವನ್ನೇ ಆಡುತ್ತಿದ್ದರು.

"ಬಂದವರೆಲ್ಲ ಶೂರ, ಶೂರ ಅಂತಾರ" ಎಂದಳು ನೀತಾ. "ಕೇಳಿ ಕೇಳಿ ಸಾಕಾಗೇದ್ರಿ ಅಕ್ಕಾ."

ಶಾಂಭವಿ ಗಂಡ ಹೇಳಿದ್ದನ್ನೇ ಹೇಳಿದಳು. ಚಹಾ ಮಾಡುವ ಸರದಿ ವ್ಯಂಕಟೇಶನದಾದರೆ ಯಾರೂ ಅದನ್ನು ಕುಡಿಯುತ್ತಿರಲಿಲ್ಲವಂತೆ. ಪಾಕ ಮಾಡಿದ ಹಾಗೆ ಸಕ್ಕರೆ ಸುರಿಯುತ್ತಿದ್ದನಂತೆ. ಬೈದರೆ, ಮನೆಯಲ್ಲಿ ಹೆಂಡತಿ ಚಮಚ ಅಳೆದು ಹಾಕುತ್ತಾಳೆ, ಇಲ್ಲಾದರೂ ಕುಡಿಯಲು ಬಿಡಿ ಎನ್ನುತ್ತಿದ್ದನಂತೆ.

ನೀತಾ ತಲೆ ಎತ್ತಿದಳು. ಮಾವನಿಗೆ ಸಕ್ಕರೆ ಕಾಯಿಲೆ ಇತ್ತು, ಇವರಿಗೂ ಬಂದೀತೆಂದು ಕಡಿಮೆ ಹಾಕುತ್ತಿದ್ದೆ, ಹೇಳಿದ ಒಂದು ಮಾತನ್ನೂ ಕೇಳುತ್ತಿರಲಿಲ್ಲ ಎಂದಳು. ಅವನು ಕದ್ದು ಬೆಲ್ಲ ತಿಂದದ್ದು, ರಜೆಗೆ ಬರುವ ದಿನವನ್ನು ಎಂದೂ ಸರಿಯಾಗಿ ಹೇಳದೆ ಕಾಯಿಸಿದ್ದು, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಬಿಸಾಡುತ್ತಿದ್ದುದು ಒಂದೊಂದಾಗಿ ಹೊರಗೆ ಬಂತು. ಅವಳು ಹಾಗೆ ಬೈಯುವುದನ್ನು ಅಡಿಗೆ ಮನೆಯಿಂದ ನೀತಾಳ ಅತ್ತೆ ಬಂದು ನಿಂತು ಕೇಳಿದಳು. ಯಾರೂ ತಡೆಯಲಿಲ್ಲ. ಸುಭದ್ರಾಬಾಯಿ ನಡುವೆ ನಡುವೆ ಹೌದವ್ವ, ಹೌದು ಎನ್ನುತ್ತಿದ್ದಳು. ಊರಿಗೆ ಹೋಗುವ ಬಸ್ಸು ತಪ್ಪಿತೆಂದು ಶಾಂಭವಿಗೆ ಗೊತ್ತಾದರೂ ಅವಳು ಏಳಲಿಲ್ಲ.