ನಡುಸಾಲಿನವರು

ಆ ಚರ್ಚಿನಲ್ಲಿ ಬೆಂಚುಗಳದು ಮೂರು ಸಾಲು. ಎಡಸಾಲಿನಲ್ಲಿ ಆರ್ಗನ್‌ನವರು, ಬಲಸಾಲಿನಲ್ಲಿ ಗಿಟಾರ್‌ನವರು, ನಡುಸಾಲಿನಲ್ಲಿ ಯಾರೂ ಇಲ್ಲ. ದೇವರಿಗೆ ಆರ್ಗನ್ ನುಡಿಸಿಕೊಂಡು ಹಾಡಬೇಕೋ ಗಿಟಾರ್ ಬಾರಿಸಿಕೊಂಡು ಹಾಡಬೇಕೋ ಎಂಬ ಘನಂದಾರಿ ಪ್ರಶ್ನೆಗೆ ಒಂದು ಕಾಲದಲ್ಲಿ ಅಲ್ಲಿ ಕೊರಳಪಟ್ಟಿ ಹಿಡಿದುಕೊಳ್ಳುವಷ್ಟು ಜಗಳವಾಗಿತ್ತು. ಕೊನೆಗೆ ಪಾಸ್ಟರ್ ನಡುವೆ ಬಿದ್ದು ಒಪ್ಪಂದ ಮಾಡಿಸಿದರು. ಒಂದು ವಾರ ಆರ್ಗನ್, ಇನ್ನೊಂದು ವಾರ ಗಿಟಾರ್. ಅವರ ಜನರ ಮನೆಗೆ ಇವರು ಹೋಗಬಾರದು, ಇವರ ಜನರ ಮನೆಗೆ ಅವರು ಕಾಲಿಡಬಾರದು, ಯಾರೂ ಯಾರನ್ನೂ ತಮ್ಮ ಕಡೆಗೆ ಎಳೆಯಬಾರದು. ಆರಾಧನೆ ಮುಗಿದ ಮೇಲಿನ ಚಹಾ ಕೂಡ ಎರಡು ಮೇಜಿನ ಮೇಲೆ. ಇದಕ್ಕೆ ಅವರು ಸಮಾಧಾನ ಎಂದು ಹೆಸರಿಟ್ಟುಕೊಂಡಿದ್ದರು, ಪುಣ್ಯಾತ್ಮರು.

ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಮಗಳಿಗೂ ಲಾರಿ ಓಡಿಸಿ ಓಡಿಸಿ ಈಗ ಮನೆಯಲ್ಲಿ ಕೂತಿದ್ದ ಅವಳ ಅಪ್ಪನಿಗೂ ಈ ಒಪ್ಪಂದದ ಗಂಧಗಾಳಿಯೂ ಇರಲಿಲ್ಲ. ಇಬ್ಬರೂ ಊರಿಗೆ ಹೊಸಬರು. ಅಪ್ಪನದು ಬಾಗಿಲು ತುಂಬುವ ಆಳು. ಕಾಲು ಚಾಚಲು ಜಾಗ ಬೇಕೆಂದು ನಡುಸಾಲಿನ ಕೊನೆಯ ಬೆಂಚಿನಲ್ಲಿ ಹೋಗಿ ಕೂತ. ಮಗಳು ಪಕ್ಕದಲ್ಲಿ ಕೂತಳು. ಅಲ್ಲಿಗೆ ಅವರ ಹಣೆಬರಹ ಮುಗಿಯಿತು. ಎಡದವರು ಇವರನ್ನು ಬಲದವರ ನೆಂಟರೆಂದುಕೊಂಡರು, ಬಲದವರು ಎಡದವರ ನೆಂಟರೆಂದುಕೊಂಡರು. ಚಹಾಕ್ಕೆ ಹೋದರೆ ಒಂದು ಮೇಜಿನವರು ನಗುನಗುತ್ತಲೇ, "ನಿಮ್ಮದು ಆ ಕಡೆ ಅಲ್ವಾ?" ಎನ್ನುತ್ತಿದ್ದರು. ಇನ್ನೊಂದು ಮೇಜಿನವರು ಅಷ್ಟೇ ವಿನಯದಿಂದ, "ನಿಮ್ಮವರು ಅಲ್ಲಿದ್ದಾರೆ ನೋಡಿ" ಎಂದು ಕೈ ತೋರಿಸುತ್ತಿದ್ದರು.

"ಎಂಥ ಮರ್ಯಾದಸ್ಥರು ನೋಡು ಮರಿ," ಎಂದು ಅಪ್ಪ ನಗುತ್ತಿದ್ದ. "ಒಬ್ಬರ ಗಿರಾಕಿನ ಇನ್ನೊಬ್ಬರು ಕಿತ್ಕೊಳ್ಳಲ್ಲ."

"ಮರ್ಯಾದೆಯಂತೆ ಮರ್ಯಾದೆ! ಒಂದು ಲೋಟ ಚಹಾ ಕೊಡೋಕೆ ಬಾರದ ಜನ," ಎಂದು ಮಗಳು ಸಿಡುಕುತ್ತಿದ್ದಳು.

"ನಿನಗೆ ಮೂಗಿನ ತುದೀಲೇ ಕೋಪ. ಹೊಸಬರನ್ನ ಕಂಡ್ರೆ ಕೆಲವರಿಗೆ ನಾಚಿಕೆ ಕಣೇ. ಹಾಡ್ತಾರಲ್ಲ, ಎಷ್ಟು ಚೆನ್ನಾಗಿ ಹಾಡ್ತಾರೆ!" ಅಪ್ಪನಿಗೆ ಅಷ್ಟು ಸಾಕಾಗಿತ್ತು. ಮುಂದಿನ ಬೆಂಚುಗಳ ದೊಡ್ಡವರನ್ನು ಅವನು ಬೆನ್ನು ಬಿಟ್ಟರೆ ಬೇರೆ ಕಂಡವನಲ್ಲ. ಆದರೂ ಭಾನುವಾರ ಬಂದರೆ ಬೆಳಿಗ್ಗೆಯೇ ಗಡ್ಡ ಕೆರೆದುಕೊಂಡು, ಒಗೆದ ಅಂಗಿ ತೊಟ್ಟು, ಮಗಳಿಗಿಂತ ಮೊದಲು ಬಾಗಿಲಲ್ಲಿ ನಿಂತಿರುತ್ತಿದ್ದ.

ಹಾಗೆ ನಿಲ್ಲುತ್ತಿದ್ದವನು ಒಂದು ಬೆಳಿಗ್ಗೆ ಹಲ್ಲುಜ್ಜುತ್ತಲೇ ಕುಸಿದ. ಬಲಗೈ, ಬಲಗಾಲು ಎರಡೂ ಹೋದವು. ಮಾತು ಉಳಿಯಿತು, ತುಸು ತೊದಲು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ನರ್ಸ್ ಖಡಾಖಂಡಿತವಾಗಿ ಹೇಳಿದಳು: "ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು. ಕೆಳಗೆ ಮಡಚಿದ ಬೆಡ್‌ಶೀಟ್ ಹಾಕಿ, ಒಬ್ಬರು ಆ ಕಡೆಯಿಂದ, ಒಬ್ಬರು ಈ ಕಡೆಯಿಂದ ಎತ್ತಿ ಹೊರಳಿಸಿ. ಒಬ್ಬರೇ ಎಳೆದ್ರೆ ಚರ್ಮ ಕಿತ್ತು ಬರುತ್ತೆ."

ಎರಡನೆಯವರನ್ನು ಎಲ್ಲಿಂದ ತರುವುದು? ಕೆಳಗಿನ ಮನೆಯ ಟೈಲರ್ ಒಳ್ಳೆಯವನೇ, ಆದರೆ ಸೊಂಟದ ಪಟ್ಟಿ ಬಿಗಿದುಕೊಂಡು ಓಡಾಡುವ ಮನುಷ್ಯ. ಮಗಳು ಪಾಸ್ಟರ್‌ಗೆ ಫೋನ್ ಮಾಡಿದಳು. "ಪ್ರಾರ್ಥನೆ ಆಮೇಲೆ ಮಾಡೋಣ ಪಾಸ್ಟರ್, ಮೊದಲು ಬೆಳಿಗ್ಗೆ ಸಂಜೆಗೆ ಯಾರನ್ನಾದ್ರೂ ಕಳಿಸಿ. ಎತ್ತೋಕೆ ಎರಡು ಕೈ ಬೇಕು, ಅಷ್ಟೇ."

"ಖಂಡಿತ ತಂಗಿ, ಅದಕ್ಕೇ ಅಲ್ವಾ ನಮ್ಮ ಚರ್ಚ್ ಸಭೆ ಇರೋದು," ಎಂದರು ಪಾಸ್ಟರ್. ಎಡಸಾಲಿನ ಹಿರಿಯರಾದ ಮೇಷ್ಟ್ರಿಗೆ ಹೇಳಿದರು. ಅವರು ಬಲದ ಕಡೆಯವರಲ್ವಾ, ನಾವು ಹೋದರೆ ಒಪ್ಪಂದ ಮುರಿದಂತಾಗುತ್ತೆ, ಎಂದರು ಮೇಷ್ಟ್ರು. ಬಲಸಾಲಿನ ಮುಂದಾಳು, ಡ್ರೈವಿಂಗ್ ಸ್ಕೂಲ್ ನಡೆಸುವ ಅಕ್ಕನಿಗೆ ಹೇಳಿದರು. ಅಯ್ಯೋ, ಅವರು ಮೇಷ್ಟ್ರ ಜನ, ಸುಮ್ಮನೆ ಯಾಕೆ ಮೂಗು ತೂರಿಸೋದು, ಎಂದಳು ಅಕ್ಕ. ಇಬ್ಬರಿಗೂ ಹೇಳಿದ್ದಾಯಿತಲ್ಲ, ಯಾರೋ ಒಬ್ಬರು ಹೋಗುತ್ತಾರೆ ಎಂದು ಪಾಸ್ಟರ್ ಕೈ ತೊಳೆದುಕೊಂಡರು. ಮಗಳು ಮತ್ತೆ ಫೋನ್ ಮಾಡಿದಾಗ, "ಇನ್ನೂ ಬಂದಿಲ್ವಾ? ಬರ್ತಾರೆ, ಬರ್ತಾರೆ," ಎಂದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಒಂದು ನರಪಿಳ್ಳೆಯೂ ಬರಲಿಲ್ಲ.

ಒಬ್ಬಳೇ ಎಳೆದಳು. ಅಂಗಡಿಗೆ ಹೋಗುವ ಮುಂಚೆ ಎಳೆದಳು, ಬಂದ ಮೇಲೆ ಎಳೆದಳು, ನಡುವಿನ ಹೊತ್ತಿನಲ್ಲಿ ಅಪ್ಪ ಮಲಗಿದ ಮಗ್ಗುಲಲ್ಲೇ ಮಲಗಿರುತ್ತಿದ್ದ. ನರ್ಸ್ ಹೇಳಿದಂತೆಯೇ ಆಯಿತು. ಬೆನ್ನಿನ ಕೆಳಗೆ ಮೊದಲು ಕೆಂಪಾಯಿತು, ಆಮೇಲೆ ಗುಳ್ಳೆ, ಆಮೇಲೆ ಗುಳಿ. ಮೊನ್ನೆ ಬಂದ ನರ್ಸ್ ಗಾಯ ನೋಡಿ ಮುಖ ಸಣ್ಣದು ಮಾಡಿಕೊಂಡಿದ್ದಳು. "ಇನ್ನು ಸ್ವಲ್ಪ ಹೋದ್ರೆ ಮೂಳೆಗೆ ತಾಗುತ್ತೆ. ಆಮೇಲೆ ಆಸ್ಪತ್ರೆಗೆ ಸೇರಿಸಬೇಕು. ಈ ವಯಸ್ಸಲ್ಲಿ ಹಾಗೆ ಹೋದವರು ವಾಪಸ್ ಬರೋದು ಕಷ್ಟಮ್ಮ. ಹೊರಳಿಸೋಕೆ ಜನ ಹುಡುಕು, ಅದೊಂದೇ ದಾರಿ."

ಅತ್ತ ಚರ್ಚಿನಲ್ಲಿ ಜನ ಕಡಿಮೆಯಾಗುತ್ತಿದ್ದರು. ಇರುವವರಿಗೆ ಗಾಬರಿಯಾಯಿತು. ಸಭೆಯನ್ನು ಆರೋಗ್ಯವಾಗಿಸಿ ಬೆಳೆಸಿಕೊಡುವ ಸಲಹೆಗಾರನೊಬ್ಬನನ್ನು ಬೇರೆ ಊರಿನಿಂದ ಕರೆಸಿದರು. ಅವನು ಗೋಡೆಯ ಮೇಲೆ ಮರದ ಚಿತ್ರ ಮೂಡಿಸಿ, ಬೇರು ಯಾವುದು, ಕೊಂಬೆ ಯಾವುದು ಎಂದೆಲ್ಲ ವಿವರಿಸಿದ. ಬಿಟ್ಟುಹೋದವರ ಮನೆಗೆ ಹೋಗಿ ಕಾರಣ ಕೇಳಿ ಎಂದ. "ನಡುಸಾಲಲ್ಲಿ ಅಪ್ಪ ಮಗಳು ಕೂರ್ತಿದ್ರಲ್ಲ?" ಎಂದು ಪಾಸ್ಟರ್ ನೆನಪಿಸಿಕೊಂಡರು. ಮೇಷ್ಟ್ರು ಅಕ್ಕನ ಕಡೆ ನೋಡಿದರು, ಅಕ್ಕ ಮೇಷ್ಟ್ರ ಕಡೆ ನೋಡಿದಳು. ಒಪ್ಪಂದ ಗಿಪ್ಪಂದ ಏನೂ ಗೊತ್ತಿಲ್ಲದ ಸಲಹೆಗಾರ ಇಬ್ಬರನ್ನೂ ಕಟ್ಟಿಕೊಂಡು ಹೊರಟ.

ಆ ಭಾನುವಾರ ಮಧ್ಯಾಹ್ನ ಮಗಳು ಬಾಗಿಲು ತೆಗೆದಾಗ ಮೂವರೂ ಹಲ್ಲು ಕಿರಿಯುತ್ತ ನಿಂತಿದ್ದರು. ಅವಳ ಒಂದು ಕೈಯಲ್ಲಿ ಒದ್ದೆ ಬಟ್ಟೆ ಇತ್ತು. ಮುಂದಿನ ಬೆಂಚಿನ ಆ ಇಬ್ಬರ ಗುರುತು ಅವಳಿಗೆ ತಕ್ಷಣ ಸಿಕ್ಕಿತು, ಮೈ ಒಮ್ಮೆಗೇ ಉರಿದುಹೋಯಿತು. ಆದರೂ ಒಳಗೆ ಬಿಟ್ಟಳು. ಕೊನೆಗೂ ಯಾರೋ ಹೇಳಿ ಬಂದಿರಬಹುದು ಎಂಬ ಹಾಳು ಆಸೆ.

ಸಲಹೆಗಾರ ಕುರ್ಚಿ ಎಳೆದುಕೊಂಡು ಕೂತ. "ನೋಡಿ ಸಿಸ್ಟರ್, ಮನಸ್ಸು ಬಿಚ್ಚಿ ಹೇಳಿ. ಬರೋದು ಯಾಕೆ ನಿಲ್ಲಿಸಿದ್ರಿ? ಪಾಸ್ಟರ್ ಮಾಡೋ ಪ್ರಸಂಗ ಉದ್ದ ಆಯ್ತಾ? ಸಂಗೀತ ಹಿಡಿಸಲಿಲ್ವಾ?"

ಸಂಗೀತ ಎಂದದ್ದೇ ತಡ, ಮೇಷ್ಟ್ರೂ ಅಕ್ಕನೂ ಕಿವಿ ನಿಮಿರಿಸಿ ಮುಂದಕ್ಕೆ ಬಾಗಿದರು.

"ಮೇಷ್ಟ್ರೇ, ನಮ್ಮ ಪಾಸ್ಟರ್ ನಿಮಗೆ ಏನೂ ಹೇಳಲಿಲ್ವಾ?" ಎಂದು ಮಗಳು ಕೇಳಿದಳು. ದನಿ ಇನ್ನೂ ತಗ್ಗಿನಲ್ಲೇ ಇತ್ತು.

"ಹೇಳಿದ್ರಮ್ಮ, ಮೈ ಹುಷಾರಿಲ್ಲ ಅಂತ. ತಪ್ಪು ತಿಳ್ಕೋಬೇಡ, ನೀವು ಇವರ ಕಡೆಯವರು ಅಂದ್ಕೊಂಡಿದ್ವಿ," ಎಂದು ಮೇಷ್ಟ್ರು ಅಕ್ಕನತ್ತ ಗದ್ದ ಎತ್ತಿದರು.

"ನಮ್ಮ ಕಡೆ? ರಾಮ ರಾಮಾ!" ಎಂದು ಬಾಯಿತಪ್ಪಿ ಅಂದ ಅಕ್ಕ ನಾಲಿಗೆ ಕಚ್ಚಿಕೊಂಡಳು. "ನೀವು ಮೇಷ್ಟ್ರ ನೆಂಟರು ಅಂತ ನಾವು ಸುಮ್ಮನಿದ್ವಿ. ನಮ್ಮಲ್ಲಿ ಒಂದು ಒಪ್ಪಂದ ಇದೆಯಮ್ಮ. ಒಬ್ಬರ ಜನರನ್ನ ಇನ್ನೊಬ್ಬರು ಎಳೆಯೋ ಹಾಗಿಲ್ಲ."

ಈಗ ಅವಳಿಗೆ ಎಲ್ಲ ತಿಳಿಯಿತು. ಆ ಎರಡು ಚಹಾ ಮೇಜು, ಆ ನಗು, ಆ ಕೈ ತೋರಿಸುವಿಕೆ. ಅಪ್ಪನ ಬೆನ್ನು ಕೊಳೆತದ್ದು ಯಾರೋ ದ್ವೇಷಿಸಿದ್ದಕ್ಕಲ್ಲ, ಸಿಟ್ಟಾದದ್ದಕ್ಕೂ ಅಲ್ಲ. ಇವರ ಈ ದರಿದ್ರ ಮರ್ಯಾದೆಗೆ.

ಸಲಹೆಗಾರನಿಗೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದೇ ತಿಳಿಯಲಿಲ್ಲ. "ಇದು ಒಳ್ಳೆ ಚರ್ಚೆ," ಎಂದ. "ಹಾಗಾದ್ರೆ ಸಿಸ್ಟರ್, ನಮ್ಮ ಸಭೆಯ ಆತ್ಮೀಯತೆಗೆ ಹತ್ತರಲ್ಲಿ ಎಷ್ಟು ಅಂಕ ಕೊಡ್ತೀರಿ?"

"ಅಂಕನಾ?" ಅವಳು ಒದ್ದೆ ಬಟ್ಟೆಯನ್ನು ಮೇಜಿನ ಮೇಲೆ ರಪ್ಪನೆ ಬಡಿದಳು. "ಏಳ್ರೀ ಮೇಲೆ! ಚಪ್ಪಲಿ ಬಿಡಿ. ಮೂರೂ ಜನ ಆ ನಲ್ಲಿ ಹತ್ರ ಹೋಗಿ ಸೋಪು ಹಾಕಿ ಕೈ ತೊಳ್ಕೊಳ್ಳಿ. ಅಂಕ ಒಳಗೆ ಕೊಡ್ತೀನಿ, ಬನ್ನಿ."

"ಅಮ್ಮ, ಸ್ವಲ್ಪ ಸಮಾಧಾನ..." ಎಂದರು ಮೇಷ್ಟ್ರು.

"ಆ ಪದ ನನ್ನ ಮನೇಲಿ ಎತ್ತಬೇಡಿ! ನಿಮ್ಮ ಸಮಾಧಾನಕ್ಕಿಷ್ಟು ಬೆಂಕಿ ಹಾಕ. ನಾನು ಪ್ರಾರ್ಥನೆ ಕೇಳಿದ್ನಾ? ಹಾಡು ಕೇಳಿದ್ನಾ? ಎರಡು ಕೈ ಕೇಳಿದೆ. ಇಡೀ ಚರ್ಚಲ್ಲಿ ನನ್ನಪ್ಪನಿಗೆ ಅಂತ ಎರಡು ಕೈ ಇರಲಿಲ್ವಾ? ಏಳಿ!"

ಮೂವರೂ ಎದ್ದು ನಲ್ಲಿಯ ಕಡೆ ನಡೆದರು.

ಒಳಗಿನ ಕೋಣೆಗೆ ಕಾಲಿಡುತ್ತಲೇ ವಾಸನೆ ಮೂಗಿಗೆ ಹೊಡೆಯಿತು. ಅಕ್ಕ ಸೆರಗನ್ನು ಮೂಗಿನವರೆಗೆ ಎತ್ತಿದವಳು ಮಗಳ ಕಣ್ಣು ನೋಡಿ ಕೆಳಗಿಳಿಸಿದಳು. ಅಪ್ಪ ಅಂಗಾತ ಮಲಗಿ ನಿದ್ದೆಹೋಗಿದ್ದ, ಬಾಯಿ ತುಸು ತೆರೆದಿತ್ತು. ಅಷ್ಟು ದೊಡ್ಡ ಆಳು ಹಾಸಿಗೆಯಲ್ಲಿ ಹರಡಿಕೊಂಡಿದ್ದ.

"ಮೇಷ್ಟ್ರೇ, ನೀವು ಆ ಕಡೆ. ಅಕ್ಕಾ, ನೀವು ಈ ಕಡೆ. ಕಡೆ ಹಿಡಿಯೋದು ನಿಮಗೆ ಹೇಳಿಕೊಡಬೇಕಾಗಿಲ್ಲ. ಬೆಡ್‌ಶೀಟಿನ ಅಂಚು ಸುತ್ತಿ ಬಿಗಿಯಾಗಿ ಹಿಡೀರಿ. ನಾನು ಹೇಳಿದಾಗ ಇಬ್ಬರೂ ಎತ್ತಬೇಕು."

ಮೇಷ್ಟ್ರು ಎತ್ತುವ ಬದಲು ಎಳೆದರು. ಅಪ್ಪ ನಿದ್ದೆಯಲ್ಲೇ ನರಳಿದ.

"ಅಯ್ಯೋ, ಎಳೀಬೇಡಿ! ಒಬ್ಬರೇ ಎಳೆದ್ರೆ ಚರ್ಮ ಬರುತ್ತೆ, ಅದಕ್ಕೇ ಅಲ್ವಾ ಎರಡು ಕೈ ಬೇಕು ಅಂತ ಪಾಸ್ಟರ್ ಹತ್ರ ಫೋನಲ್ಲಿ ಬಾಯಿ ಬಡ್ಕೊಂಡಿದ್ದು! ಒಬ್ಬರನ್ನೊಬ್ಬರು ನೋಡ್ಕೊಂಡು ಎತ್ತಿ. ಮುಖ ನೋಡಿದ್ರೆ ಸಾಯಲ್ಲ."

ಮೇಷ್ಟ್ರು ಅಕ್ಕನ ಮುಖ ನೋಡಿದರು. ಅಕ್ಕ ತಲೆಯಾಡಿಸಿದಳು. ಇಬ್ಬರೂ ಒಟ್ಟಿಗೆ ಎತ್ತಿದರು, ಅಪ್ಪನ ಮೈ ಹಗುರಾಗಿ ಮೇಲೆದ್ದು ಎಡಕ್ಕೆ ಹೊರಳಿತು. ಮಗಳು ಬೆನ್ನಿಗೆ ದಿಂಬು ಕೊಟ್ಟು ಅಂಗಿ ಸರಿಸಿ, ಹಳೆಯ ಪಟ್ಟಿ ಬಿಚ್ಚಿದಳು.

ಮುಷ್ಟಿ ಇಡುವಷ್ಟು ಗುಳಿ. ಅಂಚು ಕಪ್ಪು, ನಡುವೆ ಹಸಿ ಮಾಂಸ. ಅಕ್ಕ "ಕರ್ತನೇ" ಎಂದಳು. ಸಲಹೆಗಾರ ಕಿಟಕಿಯ ಕಡೆ ತಿರುಗಿದ.

"ಆ ಕಡೆ ಏನು ನೋಡ್ತೀರಿ? ಈ ಬೇಸಿನ್ ಹಿಡೀರಿ," ಎಂದು ಮಗಳು ಅವನ ಕೈಗೆ ತುರುಕಿದಳು. ಗಾಯ ತೊಳೆದ ನೀರು ಅದರೊಳಗೆ ಇಳಿಯಿತು. "ಈಗ ನೀವು ಹೇಳಿ. ಇದಕ್ಕೆ ಹತ್ತರಲ್ಲಿ ಎಷ್ಟು?"

ಅವನು ಮುಖ ಪಕ್ಕಕ್ಕೆ ಹೊರಳಿಸಿದ. ಬೇಸಿನ್ ಮಾತ್ರ ಬಿಡಲಿಲ್ಲ, ಅಷ್ಟರಮಟ್ಟಿಗೆ ಮನುಷ್ಯ.

ತಣ್ಣೀರು ತಾಗಿ ಅಪ್ಪನಿಗೆ ಎಚ್ಚರವಾಯಿತು. ಕಣ್ಣು ಬಿಟ್ಟರೆ ಎದುರಿಗೆ ಅಕ್ಕನ ಮುಖ. ಹುಬ್ಬು ಗಂಟಿಕ್ಕಿ ನೋಡಿದ. "ಯಾರು ಮರಿ ಇವರು? ಆಸ್ಪತ್ರೆಯವರಾ?"

ಮಗಳ ಬಾಯಿಯ ತನಕ ಬಂದಿತ್ತು. ಇವರೇ ಕಣಪ್ಪ, ನೀನು ಹೊಗಳಿ ಹೊಗಳಿ ಇಡ್ತಿದ್ದೆಯಲ್ಲ, ಅದೇ ಮಹಾನುಭಾವರು ಎಂದು ಹೇಳಿ ಎಲ್ಲರ ಮಾನ ಹರಾಜು ಹಾಕಬೇಕೆಂದಿದ್ದಳು. ಅಷ್ಟರಲ್ಲಿ ಅಪ್ಪನೇ ಮಾತಾಡಿದ.

"ದೊಡ್ಡ ಉಪಕಾರ ಮಾಡಿದ್ರಿ ತಾಯೀ. ಈ ಹೊತ್ತು ನೋವೇ ಆಗಲಿಲ್ಲ. ಒಬ್ಬಳೇ ಎತ್ತೋಕೆ ಕಷ್ಟಪಡ್ತಾಳೆ ನನ್ನ ಮಗಳು." ಉಸಿರು ಎಳೆದುಕೊಂಡ. "ನೀವೆಲ್ಲ ಯಾವ ಸಭೆಗೆ ಹೋಗ್ತೀರಿ?"

ಅಕ್ಕ ಮೇಷ್ಟ್ರನ್ನು ನೋಡಿದಳು. ಮೇಷ್ಟ್ರು ನೆಲ ನೋಡಿದರು.

"ಎಲ್ಲಿಗೂ ಹೋಗಲ್ವಾ? ಹಾಗಾದ್ರೆ ನಮ್ಮ ಸಭೆಗೆ ಬನ್ನಿ. ಸಂಕೋಚ ಪಟ್ಕೋಬೇಡಿ. ತುಂಬಾ ಒಳ್ಳೆ ಜನ. ನಾನು ಬಿದ್ದಾಗಿಂದ ವಾರವಾರ ಬರ್ತಾರೆ. ನನಗೆ ಹಾಳು ನಿದ್ದೆ, ಅವರು ಬಂದಾಗಲೇ ಮಲಗಿರ್ತೀನಿ. ಪಾಪ, ಎಬ್ಬಿಸಬಾರದು ಅಂತ ಕಾಲ ಹತ್ರ ನಿಂತು ಪ್ರಾರ್ಥನೆ ಮಾಡಿ ಹೋಗ್ತಾರಂತೆ. ಮಗಳು ಹೇಳ್ತಾಳೆ. ಅಂಥವರು ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ ಹೇಳಿ?"

ಮಗಳು ತಲೆ ಎತ್ತದೆ ಪಟ್ಟಿ ಸುತ್ತಿದಳು. ಪ್ರತಿ ಭಾನುವಾರ ಅಪ್ಪ ಕಣ್ಣು ಬಿಟ್ಟ ಕೂಡಲೇ, ಯಾರಾದರೂ ಬಂದಿದ್ದರಾ ಎಂದು ಕೇಳುತ್ತಿದ್ದ. ಇಲ್ಲ ಎನ್ನಲು ಅವಳಿಗೆ ಒಂದು ದಿನವೂ ಬಾಯಿ ಬಂದಿರಲಿಲ್ಲ. ಈ ಜನರ ಮರ್ಯಾದೆ ಕಾಯಲು ಅಲ್ಲ, ಅಪ್ಪನ ಮುಖ ಬಾಡುವುದನ್ನು ನೋಡಲಾರದೆ. ಈಗ ಆ ಸುಳ್ಳು ಕೇಳಿ ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಲೇ ಇದ್ದರು. ಅವಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅವರನ್ನು ಒಳ್ಳೆಯವರನ್ನಾಗಿ ಮಾಡಿದವಳು ತಾನೇ ಎಂದು ಇನ್ನಷ್ಟು ಸಿಟ್ಟು ಬಂತು.

"ಬರ್ತೀರಾ?" ಎಂದು ಅಪ್ಪ ಮತ್ತೆ ಕೇಳಿದ.

"ಬರ್ತೀವಿ, ಅಣ್ಣಾ," ಎಂದರು ಮೇಷ್ಟ್ರು.

"ನಡುಸಾಲಲ್ಲಿ ಕೂತ್ಕೊಳ್ಳಿ. ಕಾಲು ಚಾಚಬಹುದು," ಎಂದು ಅಪ್ಪ ಕಣ್ಣು ಮುಚ್ಚಿದ.

ಮೆಟ್ಟಿಲ ಬಳಿ ಅಕ್ಕನಿಗೆ ತಡೆಯಲಾಗಲಿಲ್ಲ. ಮಗಳ ಕೈ ಹಿಡಿಯಲು ಹೋಗಿ, "ನಮ್ಮದು ಕ್ಷಮಿಸೋ ಅಂಥ ತಪ್ಪಲ್ಲಮ್ಮ..." ಎಂದು ಬಿಕ್ಕಿದಳು.

"ಅಳೋದನ್ನ ನಿಮ್ಮ ಮನೇಲಿ ಇಟ್ಕೊಳ್ಳಿ," ಎಂದು ಮಗಳು ಕೈ ಎಳೆದುಕೊಂಡಳು. "ಇನ್ನೆರಡು ಗಂಟೆಗೆ ಮತ್ತೆ ಹೊರಳಿಸ್ಬೇಕು. ಅದಾದ ಮೇಲೆ ಮತ್ತೆ. ನಾಳೆ ನಾನು ಅಂಗಡಿಗೆ ಹೋಗ್ಬೇಕು. ಯಾರು ಬರ್ತೀರೋ ಇಲ್ಲೇ ಮಾತಾಡ್ಕೊಳ್ಳಿ, ನನ್ನ ಮುಂದೆ."

"ನಾನಿರ್ತೀನಿ," ಎಂದರು ಮೇಷ್ಟ್ರು. "ನಾನೂ," ಎಂದಳು ಅಕ್ಕ. ಸಲಹೆಗಾರ ಕೈಯಲ್ಲಿನ ಬೇಸಿನ್ ಎಲ್ಲಿ ಖಾಲಿ ಮಾಡಬೇಕೆಂದು ಕೇಳಿದ. ಅದು ಇನ್ನೂ ಅವನ ಕೈಯಲ್ಲೇ ಇತ್ತು.

"ಇನ್ನೊಂದು ಮಾತು." ಅವಳ ದನಿ ಈಗ ಮತ್ತೆ ತಗ್ಗಿತ್ತು. "ನೀವು ಯಾರು ಅಂತ ಅಪ್ಪನಿಗೆ ಗೊತ್ತಾಗಬಾರದು. ಪ್ರಾರ್ಥನೆ ಗೀರ್ಥನೆ ಅಂತ ಬಾಯಿ ಬಿಟ್ಟು ಗುರುತು ಹೇಳ್ಕೊಂಡ್ರೋ, ನಿಮ್ಮನ್ನ ಈ ಮೆಟ್ಟಿಲಿಂದ ಕೆಳಗೆ ಉರುಳಿಸ್ತೀನಿ. ಅವನ ಸಭೆಯೊಂದು ಅವನಿಗಿದೆ, ಅದನ್ನ ಕೆಡಿಸಬೇಡಿ. ನೀವು ಆಸ್ಪತ್ರೆಯವರು ಅಂತಲೇ ಬನ್ನಿ."