ಶಿವರಾತ್ರಿಗೆ ಮುನ್ನ ತೀರಿದ ಸಾಲ

ಬಾಪೂಜಿ ನಗರದ ಓಣಿಯೊಂದರ ಶೆಡ್ಡಿನಲ್ಲಿ ಹೊಲಿಗೆ ಯಂತ್ರಗಳು ಗೋಡೆಗೆ ಮುಖಮಾಡಿ ಸಾಲಾಗಿ ನಿಂತಿದ್ದವು. ಕಿಟಕಿಯ ಓರೆ ಬೆಳಕು ಉಳಿದವನ್ನೆಲ್ಲ ಮುಟ್ಟದೆ ದಾಟಿ, ಕೊನೆಯದರ ಮೇಲೆ ಮಾತ್ರ ತಂಗಿತ್ತು. ಅದರ ಸೂಜಿಯಡಿ ಶಾಲಾ ಹುಡುಗಿಯೊಬ್ಬಳ ನೀಲಿ ಪಿನಾಫೋರು. ಒಂದು ಭುಜ ಹೊಲಿದಾಗಿತ್ತು. ಇನ್ನೊಂದು ಬಾಯಿ ತೆರೆದೇ ಇತ್ತು. ಮಡಿಕೆಗಳ ಮೇಲೆ ಧೂಳು ಎಷ್ಟು ಮೃದುವಾಗಿ ಕೂತಿತ್ತೆಂದರೆ ಅದೂ ಬಟ್ಟೆಯ ಬಣ್ಣವೇ ಎನಿಸುತ್ತಿತ್ತು.

ಕೊರೋನಾ ಬಂದು ಶಾಲೆಗಳು ಮುಚ್ಚಿದ ಮೇಲೆ ಶೆಡ್ಡಿನ ಒಡತಿ ಶಿವಕ್ಕನ ಯೂನಿಫಾರ್ಮುಗಳನ್ನು ಕೇಳುವವರಿರಲಿಲ್ಲ. ನಾಗರಬಾವಿಯ ನರ್ಸಿಂಗ್ ಹೋಮೊಂದು ಗೌನು ಹೊಲಿಸಲು ಒಪ್ಪಿತ್ತು, ಆದರೆ ಬಟ್ಟೆಯಂಗಡಿಯವನು ನಗದಿಲ್ಲದೆ ಥಾನು ಇಳಿಸುತ್ತಿರಲಿಲ್ಲ. ಅಷ್ಟರಲ್ಲಿ, ಸರ್ಕಾರವೇ ಜಾಮೀನು ನಿಂತು ಸಣ್ಣ ಉದ್ದಿಮೆಗಳಿಗೆ ತುರ್ತು ಸಾಲ ಕೊಡಿಸುತ್ತದೆಂಬ ಸುದ್ದಿ ಬಂತು. ಹೊಲಿಗೆಯ ಹೆಂಗಸರೆಲ್ಲ ತಂತಮ್ಮ ಊರು ಸೇರಿದ್ದರು. ಹಾವೇರಿ ಕಡೆಯ ದಾನಮ್ಮ ಒಬ್ಬಳನ್ನು ಮಾತ್ರ ಶಿವಕ್ಕ ಆ ಸುದ್ದಿ ಹೇಳಿಯೇ ತಡೆದಿದ್ದಳು. ಅವಳೂ ಹೋದರೆ ಶೆಡ್ಡು ಮುಚ್ಚಿದಂತೆಯೇ.

ವಿಜಯನಗರದ ಬ್ಯಾಂಕಿನಲ್ಲಿ ಮ್ಯಾನೇಜರ್ ರವಿಕುಮಾರ್ ಎದ್ದು ನಿಂತೇ ಬರಮಾಡಿಕೊಂಡ.

"ಬನ್ನಿ ಮೇಡಂ. ಎಲ್ಲಾರೂ ನಿಮ್ ಥರ ಕಟ್ಟಿದ್ರೆ ನಂಗೆ ಬಿಪಿನೇ ಬರ್ತಿರ್ಲಿಲ್ಲ."

ಕಂಪ್ಯೂಟರ್ ನೋಡುತ್ತ ಅವನ ದನಿ ಇಳಿಯಿತು. "ಫೆಬ್ರವರಿ ಕೊನೇಲಿ ಎಷ್ಟು ಸಾಲ ಬಾಕಿ ಇತ್ತೋ, ಅದರ ಐದನೇ ಒಂದು ಪಾಲು ಕೊಡೋ ಸ್ಕೀಮು ಇದು. ನಿಮ್ದು ಬಾಕಿ ಸೊನ್ನೆ."

"ಸೊನ್ನೆ ಇದ್ರೆ ಒಳ್ಳೇದಲ್ವಾ ಸಾರ್?"

"ಸೊನ್ನೇಲಿ ಐದನೇ ಪಾಲು ಎಲ್ಲಿಂದ ತರ್ಲಿ?"

ಶಿವರಾತ್ರಿಯ ಜಾಗರಣೆಗೆ ಸಾಲ ಹೊತ್ತು ಕೂರಬಾರದೆಂಬುದು ಅವಳ ಅತ್ತೆಮನೆಯ ಕಟ್ಟಳೆ. ಗಂಡನಿಲ್ಲದ ಮೊದಲ ಶಿವರಾತ್ರಿಗೆ ಅದನ್ನು ಮುರಿಯಲಾರದೆ, ಬಳೆ ಮಾರಿ, ಅವಧಿಗೆ ಮೊದಲೇ ಸಾಲವನ್ನೆಲ್ಲ ತೀರಿಸಿದ್ದಳು. ಬ್ಯಾಂಕಿಗೆಲ್ಲ ಪೇಡ ಹಂಚಿದ್ದಳು.

"ನೀವೂ ಪೇಡ ತಿಂದ್ರಲ್ಲ ಸಾರ್. ಅವತ್ತೊಂದ್ ಮಾತು ಹೇಳ್ಬಾರ್ದಿತ್ತಾ?"

"ಹಿಂಗಾಗುತ್ತೆ ಅಂತ ಯಾರಿಗ್ ಗೊತ್ತಿತ್ತು ಮೇಡಂ? ನಿಮ್ ಪಕ್ಕದ ಶೆಡ್ ಕೊಟ್ರಪ್ಪ, ಒಂದೊಂದು ಕಂತಿಗೂ ಕಾಡಿಸ್ತಿದ್ದ. ನಿನ್ನೆ ಅವನಿಗೆ ದುಡ್ಡು ಬಿತ್ತು." ಹೇಳಬಾರದ್ದು ಹೇಳಿದವನಂತೆ ಅವನು ಪೆನ್ನಿನ ಮುಚ್ಚಳ ಹುಡುಕತೊಡಗಿದ.

"ಹೊಸ ಸಾಲ ಕೊಡಿ ಹಂಗಾದ್ರೆ."

"ಈಗಿನ ವ್ಯಾಪಾರ ತೋರಿಸ್ಬೇಕಲ್ಲ."

ಶಿವಕ್ಕ ಎದ್ದಳು.

ಶೆಡ್ಡಿನಲ್ಲಿ ದಾನಮ್ಮ ಯಂತ್ರಗಳಿಗೆ ಎಣ್ಣೆ ಬಿಡುತ್ತಿದ್ದಳು. "ಏನಂದ್ರು ಅಕ್ಕಾರ?"

"ಸಾಲ ಇದ್ದೋರಿಗೇ ಸಾಲ ಅಂತೆ ಕಣೇ."

ದಾನಮ್ಮ ಗೊಳ್ಳನೆ ನಕ್ಕಳು. "ಹಂಗಾರ ನನ್ನ ಕೇಳ್ರಲಾ! ನನ್ಹತ್ರ ಬೇಕಾದಷ್ಟೈತಿ, ಅರ್ಧ ಒಯ್ರಿ."

ಶಿವಕ್ಕನ ಮುಖ ನೋಡಿ ನಗು ನಿಂತಿತು.

"ನೀನು ಹೊರಡು. ಬಸ್ ಮತ್ತೆ ಬಿಟ್ಟಿದಾರೆ. ನಾನೇ ಸುಮ್ನೆ ತಡೆದೆ ನಿನ್ನ."

"ಶಾಲಿ ತೆಗದ್ರ ಫೋನ್ ಹಚ್ರಿ."

"ಮಾಡ್ತೀನಿ."

ಶಾಲೆ ತೆರೆಯುವ ಹೊತ್ತಿಗೆ ಈ ಶೆಡ್ಡು ಯಾರದಾಗಿರುತ್ತದೆಂದು ದಾನಮ್ಮ ಕೇಳಲಿಲ್ಲ, ಶಿವಕ್ಕನೂ ಹೇಳಲಿಲ್ಲ. ದಾನಮ್ಮ ಎಣ್ಣೆಗೈಯನ್ನು ಸೆರಗಿಗೆ ಒರೆಸಿ, ಚೀಲ ಹೆಗಲಿಗೇರಿಸಿ, ಹೊಸ್ತಿಲು ದಾಟಿದಳು. ತಗಡಿನ ಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡಿತು. ಅವಳು ಹೊರಗಿನಿಂದ ಒಮ್ಮೆ ಎತ್ತಿ ಎಳೆದಳು. ಮುಚ್ಚಿತು.