ಹಂದಿಬೆನ್ನಿನ ಮೇಲೆ ಕೊನೆಯ ಓವರ್

ವರ್ಷಕ್ಕೊಮ್ಮೆ, ಕಡಲು ತೀರಾ ಹಿಂದಕ್ಕೆ ಸರಿಯುವ ದಿನ, ನಮ್ಮ ಥಾರ್ನ್‌ಸೀ ಊರಿನ ಎದುರು ಹಂದಿಬೆನ್ನು ಎಂಬ ಮರಳುದಿಬ್ಬ ತಲೆ ಎತ್ತುತ್ತದೆ. ಒಂದು ಗಂಟೆ ಇರುತ್ತದೆ, ಮತ್ತೆ ಮುಳುಗುತ್ತದೆ. ಆ ಒಂದು ಗಂಟೆಯಲ್ಲಿ ನಾವೂ ಪಕ್ಕದ ಎಲ್ಡರ್‌ವಿಕ್‌ನವರೂ ಅದರ ಮೇಲೆ ಕ್ರಿಕೆಟ್ ಆಡುತ್ತೇವೆ. ತಂಡಕ್ಕೆ ಆರು ಜನ, ಮೂರು ಓವರ್. ಹುಚ್ಚು ಅನ್ನುವವರು ಅನ್ನಲಿ. ನಾವು ಅಲ್ಲಿಯವರೆಗೆ ಸತತ ಆರು ವರ್ಷ ಸೋತಿದ್ದೆವು, ಆದರೂ ಆ ಹುಚ್ಚು ಬಿಟ್ಟಿರಲಿಲ್ಲ.

ಆಟದ ಸಮಯ ಗೊತ್ತುಮಾಡುವ ಹಕ್ಕು ನಮ್ಮ ಮನೆಯದು. ಮೊದಲು ಅಜ್ಜ, ಆಮೇಲೆ ಅಪ್ಪ ಆಂಬ್ರೋಸ್, ಈ ವರ್ಷದಿಂದ ನಾನು, ಬೆರಿಲ್. ನಮ್ಮ ಮೀನಂಗಡಿಯ ಬಾಗಿಲಲ್ಲಿ ನಾನು ಬರೆದ ಗಂಟೆಗೆ ಎರಡೂ ಊರಿನ ದೋಣಿಗಳು ಹೊರಡುತ್ತವೆ. ಆದರೆ ಒಂದು ಕರಾರಿದೆ. ಆಟ ಮುಗಿಯುವ ಮೊದಲು ಕಡಲು ಸ್ಟಂಪ್ ಕಿತ್ತುಕೊಂಡು ಹೋದರೆ ಆ ಹಕ್ಕು ಎಲ್ಡರ್‌ವಿಕ್‌ನವರ ಪಾಲು, ಶಾಶ್ವತವಾಗಿ.

ದಿಬ್ಬಕ್ಕೆ ಕಾಲಿಟ್ಟಾಗ ಅದರ ಅರ್ಧ ನೀರಿನಲ್ಲಿತ್ತು. ಇನ್ನೂ ಮೇಲೆ ಏಳುತ್ತಿದೆ ಎಂದುಕೊಂಡು ಎಲ್ಲರೂ ನಗುತ್ತಾ ಸ್ಟಂಪ್ ನೆಟ್ಟರು. ಎಲ್ಡರ್‌ವಿಕ್‌ನವರು ಇಪ್ಪತ್ತೊಂದು ರನ್ ಹೊಡೆದು ಮುಗಿಸುವಷ್ಟರಲ್ಲಿ ನೀರು ಪಾದ ದಾಟಿತ್ತು.

"ಏನ್ ಬೆರಿಲ್, ಕಡಲು ನಿನ್ನ ಮಾತು ಕೇಳ್ತಿಲ್ವಾ?" ಎಂದು ಅವರ ನಾಯಕ ಟ್ರೆವರ್ ಹಲ್ಲು ಕಿರಿದ.

ಆಗ ನನ್ನ ತಪ್ಪು ಹೊಳೆಯಿತು. ನಮ್ಮ ದೇಶದಲ್ಲಿ ಬೇಸಿಗೆಗೆ ಗಡಿಯಾರಗಳನ್ನು ಒಂದು ಗಂಟೆ ಮುಂದಿಡುತ್ತಾರೆ. ಉಬ್ಬರವಿಳಿತದ ವೇಳಾಪಟ್ಟಿಯಲ್ಲಿ ಆ ಗಂಟೆ ಸೇರಿರುವುದಿಲ್ಲ, ಅದನ್ನು ನಾವೇ ಕೂಡಿಸಬೇಕು. ಅಪ್ಪ ನಲವತ್ತು ವರ್ಷ ಹಾಗೇ ಮಾಡಿದ್ದ. ನಾನೂ ಕೂಡಿಸಿದೆ. ಈ ವರ್ಷದ ಹೊಸ ಪಟ್ಟಿಯಲ್ಲಿ ಆ ಗಂಟೆಯನ್ನು ಮೊದಲೇ ಸೇರಿಸಿ ಅಚ್ಚು ಹಾಕಿದ್ದರು! ನಾವು ಬಂದದ್ದು ಒಂದು ಗಂಟೆ ತಡವಾಗಿ. ಕಡಲು ಇಳಿಯುತ್ತಿರಲಿಲ್ಲ, ಏರುತ್ತಿತ್ತು.

ಮುಂದಿನದೆಲ್ಲ ಓಡಾಟ, ಕೂಗಾಟ. ನಮ್ಮವರು ಬೀಸಿದರು, ಜಾರಿದರು, ಔಟಾದರು. ಕೊನೆಯ ಓವರಿಗೆ ಉಳಿದದ್ದು ಪೋಸ್ಟ್‌ಮನ್ ನೈಜೆಲ್ ಮತ್ತು ನಾನು. ಬೇಕಾದದ್ದು ಮೂರು ರನ್. ನೀರು ಮೊಣಕಾಲಿಗೆ ಬಂದಿತ್ತು, ಸ್ಟಂಪ್‌ಗಳು ಸಡಿಲ ಹಲ್ಲಿನಂತೆ ಅಲ್ಲಾಡುತ್ತಿದ್ದವು. ಎದುರಿಗೆ ಅಂಪೈರ್ ಆಗಿ ಅಪ್ಪ, ಪ್ಯಾಂಟ್ ಮಡಚಿ ನಿಂತಿದ್ದ.

ಆಗ ಆ ಯೋಚನೆ ಬಂತು. ನಾನು ಔಟಾದರೆ ಆಟ ಈಗಲೇ ಮುಗಿಯುತ್ತದೆ. ಸೋಲು ನಮಗೇನು ಹೊಸದೇ? ಹಕ್ಕಾದರೂ ಉಳಿಯುತ್ತದೆ. ಟ್ರೆವರ್ ಚೆಂಡು ಎಸೆದ. ನಾನು ಬ್ಯಾಟ್ ಎತ್ತಿ ಸ್ಟಂಪ್‌ಗೆ ದಾರಿ ಬಿಟ್ಟೆ.

ಚೆಂಡು ನೀರಿಗೆ ಬಿದ್ದು ಪುಳಕ್ ಎಂದು ಅಲ್ಲೇ ತೇಲಿತು. ಔಟಾಗಬೇಕೆಂದರೂ ಕಡಲು ಬಿಡಲಿಲ್ಲ!

"ಬಚಾವ್! ಬಚಾವಾದೆ ಮಾರಾಯ್ತಿ!" ಎಂದು ನೈಜೆಲ್ ನೀರಿನಲ್ಲೇ ಕುಣಿದ. ದೋಣಿಗಳಲ್ಲಿದ್ದವರು ಹಾರ್ನ್ ಒತ್ತಿದರು, ಪಾತ್ರೆ ಬಡಿದರು, "ಹೊಡಿ ಬೆರಿಲ್, ಹೊಡಿ!" ಎಂದು ಗಂಟಲು ಹರಿಯುವಂತೆ ಕಿರುಚಿದರು. ಹಕ್ಕೂ ಮರೆತೆ, ಪಟ್ಟಿಯೂ ಮರೆತೆ.

ಟ್ರೆವರ್ ಈ ಸಲ ನೀರಿಗೆ ತಾಗಿಸದೆ ಎಸೆದ. ನಾನು ಕಣ್ಣು ಬಿಟ್ಟುಕೊಂಡೇ ಬೀಸಿದೆ. ಚೆಂಡು ಹಾರಿ ದೂರದ ಅಲೆಯ ಮೇಲೆ ಬಿತ್ತು. ಎಲ್ಡರ್‌ವಿಕ್‌ನ ಇಬ್ಬರು ಈಜಿಕೊಂಡು ಹೋದರು. ನಾವು ಓಡಿದೆವು, ಅಂದರೆ ನೀರನ್ನು ತಳ್ಳಿಕೊಂಡು ಏದುಸಿರು ಬಿಡುತ್ತಾ ನಡೆದೆವು. ಒಂದು. ಎರಡು. ಮೂರನೆಯದಕ್ಕೆ ನಾನು ಮುಗ್ಗರಿಸಿ ಬಿದ್ದು, ಉಪ್ಪುನೀರು ಕುಡಿದು, ಬ್ಯಾಟ್ ಚಾಚಿದೆ.

"ಮೂರು! ಆಟ ಮುಗೀತು!" ಎಂದು ಅಪ್ಪ ಎರಡೂ ಕೈ ಎತ್ತಿದ. ಮರುಗಳಿಗೆ ದೊಡ್ಡ ಅಲೆಯೊಂದು ಬಂದು ಮೂರೂ ಸ್ಟಂಪ್ ಎತ್ತಿಕೊಂಡು ಹೋಯಿತು.

ಆ ಸಂತೋಷವನ್ನು ಹೇಗೆ ಹೇಳಲಿ! ಟ್ರೆವರ್ ಕೂಡ ಕೈಕುಲುಕಿ, "ಆಟ ಅಂದ್ರೆ ಇದು ಕಣಮ್ಮ" ಎಂದ. ದೋಣಿಯಲ್ಲಿ ಎಲ್ಲರೂ ಹಾಡುತ್ತಿದ್ದರು. ನಾನು ಅಪ್ಪನ ಪಕ್ಕ ನಡುಗುತ್ತಾ ಕುಳಿತೆ.

"ಅಪ್ಪಾ, ಟೈಮ್ ತಪ್ಪು ಬರೆದುಬಿಟ್ಟೆ."

"ಅದಕ್ಕೇನೀಗ? ನಾನೂ ಎರಡು ಸಲ ತಪ್ಪಿದೀನಿ." ಅಪ್ಪ ನನಗೆ ಚಹಾ ಬಗ್ಗಿಸಿಕೊಟ್ಟು ದನಿ ತಗ್ಗಿಸಿದ. "ಮೊದಲನೇ ಬಾಲ್ ಬೇಕಂತ್ಲೇ ಬಿಟ್ಯಲ್ಲ?"

ನಾನು ಚಹಾದ ಲೋಟ ಕೆಳಗಿಟ್ಟೆ. "ಹಕ್ಕು ನಮ್ಮನೇಲೇ ಉಳೀಲಿ ಅಂತ..."

"ಹಾಗೆ ಬೇಕಂತ ಸೋತು ಹಕ್ಕು ಉಳಿಸಿಕೊಂಡಿದ್ದಿದ್ರೆ, ನಾಳೆ ಬೆಳಗ್ಗೆ ನಾನೇ ಹೋಗಿ ಟ್ರೆವರ್‌ಗೆ ಕೊಟ್ಟು ಬರ್ತಿದ್ದೆ ಕಣೇ."

ಅಷ್ಟು ಹೇಳಿ ಅಪ್ಪ ಉಳಿದವರ ಜೊತೆ ಸೇರಿ, ರಾಗ ತಪ್ಪಿದರೂ ಲೆಕ್ಕಿಸದೆ ಹಾಡತೊಡಗಿದ.